ಆರ್ಡಿತ್ ಗಾಡಿ ಹಿಂದಕ್ಕೆ ಹಾಕುತ್ತಾಳೆ

…ಇನ್ನೊಂದು ಕಂದು ಬೋರ್ಡು, ವ್ಯೂ ಪಾಯಿಂಟ್ ಒಂದು ಮೈಲಿ, ಆರ್ಡಿತ್‌ಳ ಕಾಲು ಆಗಲೇ ಬ್ರೇಕಿನ ಮೇಲೆ, ಮತ್ತೆ ನಿಲ್ಲಿಸ್ತೀಯೇನೇ ಎಂದು ಪಕ್ಕದಲ್ಲಿ ಗಂಡ ವೆಂಡೆಲ್ ಗೊಣಗುತ್ತಾನೆ, ಗೊಣಗಲಿ, ಮದುವೆಯಾದಾಗಿನಿಂದ ಮ್ಯಾಪು ತೊಡೆಯ ಮೇಲಿಟ್ಟುಕೊಂಡು ಇಲ್ಲಿ ನಿಲ್ಸು, ಅಲ್ಲಿ ಕೆಂಪು ಬಂಡೆ ಇದೆಯಂತೆ ಎಂದು ಗೋಗರೆದವಳು ಅವಳು, ಗಾಜಲ್ಲೇ ಕಾಣ್ತಿದೆಯಲ್ಲ ಮಾರಾಯ್ತಿ ಎಂದು ಅರಿಜೋನಾದ ಮರುಭೂಮಿಯನ್ನೆಲ್ಲ ಬುರ್ರನೆ ದಾಟಿಸಿದವನು ಅವನು, ಈಗ ಸ್ಟೀರಿಂಗ್ ಯಾರ ಕೈಲಿದೆ ನೋಡಪ್ಪಾ — ಛೆ, ನೋಡು ಅನ್ನಬಾರದು, ಅವನ ಕಣ್ಣಿಗೆ ಈಗ ಕಾಣುವುದು ಅಂಚು ಮಾತ್ರ, ನಡುವೆ ಮಸಿ ಬಳಿದ ಹಾಗಂತೆ — ಏನಿದೆ ಹೇಳೇ ಅಲ್ಲಿ, ಕಳ್ಳಿಗಳು ಕೈಯೆತ್ತಿಕೊಂಡು ನಿಂತಿವೆ, ಹಿಂದೊಂದು ಬೆಟ್ಟ, ಥೇಟ್ ನಿಮ್ಮಕ್ಕನ ದವಡೆ, ಅವನು ಖರ್ಜೂರದ ಮಿಲ್ಕ್‌ಶೇಕ್ ಚೆಲ್ಲುವಷ್ಟು ನಗುತ್ತಾನೆ, ಆ ನಗು ಕೇಳಿ ಎಷ್ಟು ತಿಂಗಳಾಗಿತ್ತು, ಡಾಕ್ಟರು ಲೈಸೆನ್ಸ್ ಬಿಡಿ ಅಂದ ದಿನ, ಗಾಡಿ ಹಿಂದೆ ಎಳ್ಕೊಂಡು ಹೋಗೋ ಈ ಮನೆ-ಟ್ರೇಲರ್ ಮಾರೋಣ ಕಣೇ ಅಂದಿದ್ದ, ಮಾರಿದರೆ ಮುಗಿಯಿತು, ಚಳಿಗಾಲವಿಡೀ ತಮ್ಮೂರು ನೆಬ್ರಾಸ್ಕಾದ ಹಿಮದಲ್ಲಿ ಕಿಟಕಿ ಪಕ್ಕ ಕೂತು ಇಬ್ಬರೂ ಬಾಡಬೇಕು, ನಾನು ಓಡಿಸ್ತೀನಿ ಅಂದಳು, ಓಡಿಸೋದು ಯಾರಾದ್ರೂ ಓಡಿಸ್ತಾರೆ, ಟ್ರೇಲರ್ ಪಾರ್ಕಲ್ಲಿ ಯಾರ ಸಹಾಯನೂ ಇಲ್ದೆ ಹಿಂದಕ್ಕೆ ಹಾಕಿ ನಿಲ್ಸು, ಆಮೇಲೆ ಮಾರೋ ಮಾತೆತ್ತಲ್ಲ ಅಂದ ಅವನು, ಆಗಲಿ ಎಂದುಬಿಟ್ಟಿದ್ದಳು, ಆ ಸಂಜೆಯಿಂದ ಚರ್ಚಿನ ಖಾಲಿ ಮೈದಾನದಲ್ಲಿ ಬಕೆಟ್ಟುಗಳನ್ನಿಟ್ಟು ಕಲಿತದ್ದು, ಎಷ್ಟು ಬಕೆಟ್ಟು ಅಪ್ಪಚ್ಚಿಯಾದವು ಅಂತ ಅವನಿಗೆ ಹೇಳಿಲ್ಲ, ಹೇಳುವುದೂ ಇಲ್ಲ.

ಟ್ರೇಲರ್ ಪಾರ್ಕಿಗೆ ಬಂದರೆ ಆಫೀಸಿನ ಹೆಂಗಸು, ನೇರ ಬಂದು ನೇರ ಹೋಗೋ ಜಾಗ ಕೊಡ್ಲಾ ಅಮ್ಮಾ, ಬೇಡ, ಬೆಟ್ಟದ ಕಡೆಯ ಆ ಕೊನೇದು ಕೊಡಿ, ಅದಕ್ಕೆ ಹಿಂದಕ್ಕೆ ಹಾಕ್ಬೇಕು, ಯಜಮಾನ್ರು ಹಾಕ್ತಾರಾ, ನಾನೇ ಹಾಕ್ತೀನಿ — ಆಹಾ, ಎಂಥ ಜಂಭ, ಜಂಭವೇ, ಅದಕ್ಕೇನೀಗ — ಹೆಣ್ಣೊಬ್ಬಳು ಟ್ರೇಲರ್ ತಿರುಗಿಸುವುದು ಕಂಡರೆ ಸಾಕು, ಬಿಯರ್ ಹಿಡಿದ ಗಂಡಸರೆಲ್ಲ ಕುರ್ಚಿಯಿಂದೇಳುತ್ತಾರೆ, ಎಡಕ್ಕೆ ಎಡಕ್ಕೆ, ಅಯ್ಯೋ ಬಲಕ್ಕೆ, ಅಷ್ಟರಲ್ಲಿ ವೆಂಡೆಲ್ ಬಾಗಿಲು ತೆಗೆದು ಇಳಿದೇಬಿಟ್ಟ, ಕೂತ್ಕೊಳ್ರಪ್ಪಾ ಎಲ್ರೂ, ನಮ್ಮನೆಯವಳು ಗಾಡಿ ಹಾಕ್ತಿದಾಳೆ, ತಡವುತ್ತ ಹಿಂದೆ ಹೋಗಿ ಟ್ರೇಲರಿಗೆ ಕರೆಂಟು ಕೊಡುವ ಗಿಡ್ಡ ಕಂಬ ಸಿಕ್ಕಲ್ಲಿ ನಿಂತ, ಅಲ್ಲಿಗೇ ಟ್ರೇಲರ್ ಬರಬೇಕು, ವೆಂಡೆಲ್ ಆಚೆ ಸರಿ ಎಂದು ಕೂಗಿದಳು, ಸರಿಯೋಲ್ಲ ಕಣೇ, ನೀನು ಬಾ, ಎಡಗನ್ನಡಿಯಲ್ಲಿ ಅವನ ಕೆಂಪು ಟೋಪಿ, ಅವಳ ಕೈ ಸ್ಟೀರಿಂಗ್ ಚಕ್ರದ ಬುಡದಲ್ಲಿ, ಬುಡದ ಕೈ ಎತ್ತ ಹೋದರೆ ಟ್ರೇಲರಿನ ಹಿಂಬದಿ ಅತ್ತ, ನಿಧಾನ, ಜಲ್ಲಿ ಕರಕರ ಅನ್ನುತ್ತದೆ, ಕೆಂಪು ಟೋಪಿ ದೊಡ್ಡದಾಗುತ್ತಿದೆ, ಅವನಿಗೆ ಬರುತ್ತಿರುವುದು ಕಾಣುವುದೇ ಇಲ್ಲವಲ್ಲ, ಕೇಳುವುದಷ್ಟೇ, ಆದರೂ ಗದ್ದ ಎತ್ತಿ, ಮದುವೆ ಫೋಟೋಗೆ ನಿಂತವನ ಹಾಗೆ, ಇನ್ನೊಂದು ಮೊಳ, ಇನ್ನೊಂದು ಗೇಣು, ಟೋಪಿ ಕದಲುತ್ತಿಲ್ಲ, ಬ್ರೇಕ್ — ಧೂಳು — ಕನ್ನಡಿಯಲ್ಲಿ ಕೆಂಪು ಟೋಪಿ, ನಿಂತಲ್ಲೇ ಅವನು ಕೈ ಚಾಚಿದ, ಅಂಗೈಗೆ ಟ್ರೇಲರ್ ಸಿಕ್ಕಿತು, ತಟ್ಟಿದ, ತಟ್ಟುತ್ತಲೇ ಇದ್ದಾನೆ, ಕೆಂಪು ಟೋಪಿ, ಅಂಗೈ