ಐದನೆಯ ಗಂಟೆಯ ರೂಬನ್

ರೂಬನ್ ಎಂಡಕಾಟ್ ಯಾವ ಕೆಲಸಕ್ಕೇ ಆಗಲಿ ಅರ್ಧ ಕ್ಷಣ ಮೊದಲೇ ಕೈಹಾಕುತ್ತಿದ್ದ. ಹಸು ಗೇಟಿನ ಹತ್ತಿರ ಬರುವ ಮೊದಲೇ ಅಗುಳಿ ತೆಗೆದು ನಿಂತಿರುತ್ತಿದ್ದ. ಪಾದ್ರಿಗಳ ಪ್ರಾರ್ಥನೆಯಲ್ಲಿ ಇನ್ನೊಂದು ಪದ ಬಾಕಿ ಇರುವಾಗಲೇ ಅವನ 'ಆಮೆನ್' ಬಂದುಬಿಡುತ್ತಿತ್ತು. ಯಾರಾದರೂ ತಮಾಷೆ ಹೇಳಹೊರಟರೆ ಅದರ ತುದಿ ಮುಟ್ಟುವ ಮೊದಲೇ ನಕ್ಕು ಹೇಳುವವರ ಮುಖ ಸಪ್ಪಗಾಗಿಸುತ್ತಿದ್ದ. ನಡೆಯುವಾಗಲೂ ಮೊದಲು ತಲೆ ಹೋಗುತ್ತಿತ್ತು, ಕಾಲು ಹಿಂದಿನಿಂದ ಬಂದು ಸೇರುತ್ತಿತ್ತು. "ಈ ಹುಡುಗ ತನ್ನ ಹೆಣದ ಪೆಟ್ಟಿಗೆಗಿಂತ ಮೊದಲೇ ಹೋಗಿ ಸ್ಮಶಾನದಲ್ಲಿ ಕಾಯ್ತಾ ಕೂತಿರ್ತಾನೆ ನೋಡ್ತಿರಿ" ಎಂದು ಗೋರಿ ಅಗೆಯುವ ಮುದುಕ ಏಮಸ್ ಹೇಳಿದಾಗ ಎಲ್ಲರೂ ನಕ್ಕಿದ್ದೆವು. ಎಲ್ಲರಿಗಿಂತ ಮೊದಲು ನಕ್ಕವನು ರೂಬನ್.

ಅದು ಅವಸರದ ಸ್ವಭಾವವಲ್ಲ. ಅದು ಐದನೆಯ ಗಂಟೆ ಅವನ ಮೈಗೆ ಹತ್ತಿಸಿದ ಅಭ್ಯಾಸ. ಡೆವನ್ ಸೀಮೆಯ ನಮ್ಮ ಊರಿನ ಇಗರ್ಜಿಯ ಗೋಪುರದಲ್ಲಿ ಆರು ಗಂಟೆಗಳಿವೆ. ಸಣ್ಣದು ಮೊದಲನೆಯದು, ಎಲ್ಲಕ್ಕಿಂತ ಭಾರದ್ದು ಆರನೆಯದು. ಅವುಗಳಲ್ಲಿ ಐದನೆಯದು ತಡವಾಗಿ ಬಾಯಿ ತೆರೆಯುತ್ತದೆ. ಹಗ್ಗ ಎಳೆದು, ಗಂಟೆ ಉರುಳಿ, ನಾಲಗೆ ಬಂದು ತಾಗುವಷ್ಟರಲ್ಲಿ ಉಳಿದ ಗಂಟೆಗಳಿಗಿಂತ ಒಮ್ಮೆ ಕಣ್ಣೆವೆ ಬಡಿಯುವಷ್ಟು ಹೊತ್ತು ಹೆಚ್ಚು ಹಿಡಿಯುತ್ತದೆ. ಆದ್ದರಿಂದ ಅದನ್ನು ಬಾರಿಸುವವನು ತನ್ನ ಸರದಿಗೆ ಕಾಯುವಂತಿಲ್ಲ, ಸರದಿ ಬರುವ ಮೊದಲೇ ಎಳೆದಿರಬೇಕು. ಹದಿನಾಲ್ಕನೆಯ ವಯಸ್ಸಿನಿಂದ ಹಾಗೆ ಎಳೆದೂ ಎಳೆದೂ ಅವನ ಬದುಕೆಲ್ಲ ಆ ಅರ್ಧ ಕ್ಷಣ ಮುಂದಕ್ಕೆ ಸರಿದಿತ್ತು.

ಅವನ ತಂದೆ ಸೈಲಸ್ ಎಂಡಕಾಟ್ ಕುದುರೆಯ ಜೀನು, ಕಡಿವಾಣ ಹೊಲಿಯುವವನು. ಗೋಪುರದ ಗಂಟೆಯವರಿಗೆ ಯಜಮಾನನೂ ಅವನೇ, ಆರನೆಯ ಗಂಟೆ ಅವನದೇ. ರೂಬನ್ ತೊಡುತ್ತಿದ್ದುದು ತಂದೆಯ ಹಳೆಯ ಕಂದು ಕೋಟು. ಅದರ ತೋಳು ಅವನ ಮಣಿಕಟ್ಟಿಗಿಂತ ಎರಡು ಅಂಗುಲ ಮೇಲೆಯೇ ನಿಲ್ಲುತ್ತಿತ್ತು. ಕೊರಳಪಟ್ಟಿಯಲ್ಲಿ ಮೇಣದ ದಾರ ಪೋಣಿಸಿದ ಸೂಜಿ, ಎಡ ಜೇಬಿನಲ್ಲಿ ತೊಗಲಿನ ಚೂರುಗಳು, ಬಲ ಜೇಬಿನಲ್ಲಿ ಸೀಮೆಸುಣ್ಣ. ಹತ್ತಿರ ಬಂದರೆ ತೊಗಲಿಗೆ ಹಚ್ಚುವ ಎಣ್ಣೆಯ ವಾಸನೆ.

ಎರಡನೆಯ ಮಹಾಯುದ್ಧದ ಮೊದಲ ಬೇಸಿಗೆಯಲ್ಲಿ ಸರ್ಕಾರದ ಅಪ್ಪಣೆ ಬಂತು: ಶತ್ರು ಆಕಾಶದಿಂದ ಇಳಿದರೆ ಮಾತ್ರ ಗಂಟೆ ಬಾರಿಸಬೇಕು, ಮತ್ತಾವುದಕ್ಕೂ ಬಾರಿಸಕೂಡದು. ಅದಾಗಿ ಮೂರು ವಾರಕ್ಕೆ ಏಮಸ್ ತೀರಿಕೊಂಡ. ಐವತ್ತೆರಡು ವರ್ಷ ಗಂಟೆ ಬಾರಿಸಿದವನು. ಗಂಟೆ ಬಾರಿಸುವವನು ಸತ್ತರೆ ನಮ್ಮಲ್ಲಿ ಪ್ರತಿ ಗಂಟೆಯ ನಾಲಗೆಗೂ ಒಂದು ಬದಿಯಲ್ಲಿ ಮಾತ್ರ ತೊಗಲಿನ ಟೊಪ್ಪಿಗೆ ಕಟ್ಟುತ್ತಾರೆ. ಆಗ ಒಂದು ಏಟು ಎಂದಿನಂತೆ ತೆರೆದು ಕೇಳುತ್ತದೆ. ಮರು ಏಟು ಗುಡ್ಡದ ಆಚೆಯಿಂದ ಯಾರೋ ಉತ್ತರ ಕೊಟ್ಟ ಹಾಗೆ ಮಂದವಾಗಿ ಕೇಳುತ್ತದೆ. ರೂಬನ್ ಎರಡು ದಿನ ಕೂತು ಆರು ಹೊಸ ಟೊಪ್ಪಿಗೆ ಹೊಲಿದ. ಅಪ್ಪಣೆ ಅಪ್ಪಣೆಯೇ, ಬಾರಿಸಗೊಡಲಿಲ್ಲ. ಏಮಸ್‌ನನ್ನು ಸದ್ದಿಲ್ಲದೆ ಮಣ್ಣು ಮಾಡಿದರು. ಸಮಾಧಿಯ ಬಳಿ ರೂಬನ್ ನನ್ನ ಪಕ್ಕದಲ್ಲೇ ನಿಂತಿದ್ದ. "ಯಾರನ್ನೂ ಹೀಗೆ ಕಳಿಸಬಾರ್ದು ಲೆಟಿ. ನಾಯಿಯನ್ನ ಕೂಡ ಹೆಸರು ಹಿಡಿದು ಕರೀತೀವಿ" ಎಂದ. ಟೊಪ್ಪಿಗೆಗಳು ಗೋಪುರದ ಪೆಟ್ಟಿಗೆ ಸೇರಿದವು.

ಆಗ ನನಗೆ ಹದಿನೇಳು. ಗುಡ್ಡದ ಕೆಳಗಿನ ತೋಟದಲ್ಲಿ ಹಾಲು ಕರೆಯುತ್ತಿದ್ದೆ. ಗಂಟೆಯವರಲ್ಲಿ ಮೂವರು ಸೈನ್ಯಕ್ಕೆ ಹೋಗಿದ್ದರು, ಮುಂದಿನವನು ತಾನೇ ಎಂದು ರೂಬನ್‌ಗೆ ಗೊತ್ತಿತ್ತು. ತನ್ನ ಜಾಗಕ್ಕೆ ಅವನು ನನ್ನನ್ನು ಆರಿಸಿದ. ಅವನ ತಂದೆಗೆ ಅದು ಹಿಡಿಸಲಿಲ್ಲ.

"ಏನಮ್ಮ, ಗಂಟೆ ಹಗ್ಗಕ್ಕೂ ಹಸುವಿನ ಕೆಚ್ಚಲಿಗೂ ವ್ಯತ್ಯಾಸ ಗೊತ್ತೇನು ನಿಂಗೆ?" ಎಂದ ಸೈಲಸ್.

"ಗೊತ್ತು ಯಜಮಾನ್ರೇ. ಕೆಚ್ಚಲು ಎಳೆದ್ರೆ ಹಾಲಾದ್ರೂ ಬರತ್ತೆ. ನಿಮ್ಮ ಹಗ್ಗ ಎಳೆದ್ರೆ ಈಗ ಸದ್ದೂ ಬರಲ್ಲ."

ನನ್ನ ಮಾತು ಮುಗಿಯುವ ಮೊದಲೇ ರೂಬನ್ ನಕ್ಕ. ಸೈಲಸ್ ಆಮೇಲೆ, ತುಸು ಕಷ್ಟಪಟ್ಟು, ನಕ್ಕ.

ನಾಲಗೆಗಳನ್ನು ಎರಡೂ ಬದಿಗೆ ಅಲುಗದಂತೆ ಬಿಗಿದು ಕಟ್ಟಿ, ಮೂಕ ಗಂಟೆಯ ಮೇಲೆ ಅವನು ನನಗೆ ಕಲಿಸಿದ. ಅಕ್ಷರ ನನ್ನ ಕೈಗೆ ಎಂದೂ ಸರಿಯಾಗಿ ದಕ್ಕಿದ್ದಲ್ಲ, ಅಂಕಿ ದಕ್ಕಿತ್ತು. ಅದಕ್ಕೇ ಗೋಡೆಯ ಮೇಲೆ ಒಂದರಿಂದ ಆರರವರೆಗೆ ಸೀಮೆಸುಣ್ಣದಲ್ಲಿ ಬರೆದು ಐದಕ್ಕೆ ಸುತ್ತು ಹಾಕಿದ. ಆ ಚಳಿಗಾಲವೆಲ್ಲ ಮೇಲೆ ಹತ್ತು ಮಣಕ್ಕೂ ಮೀರಿದ ಲೋಹ ಉರುಳುತ್ತಿತ್ತು, ಕೆಳಗೆ ಹಗ್ಗದ ಸರಸರ ಬಿಟ್ಟರೆ ಏನೂ ಕೇಳಿಸುತ್ತಿರಲಿಲ್ಲ. ನಾನು ನಾಲ್ಕನೆಯ ಹಗ್ಗ ಇಳಿಯುವುದನ್ನು ಕಣ್ಣಿನಿಂದ ನೋಡಿ ನನ್ನದನ್ನು ಎಳೆಯುತ್ತಿದ್ದೆ. ಅವನು ಒಪ್ಪುತ್ತಿರಲಿಲ್ಲ.

"ಇನ್ನೂ ಮೊದಲು ಎಳಿ."

"ಎಷ್ಟು ಮೊದಲು ಮಾರಾಯ? ನಾಲ್ಕನೇದು ಇನ್ನೂ ಇಳಿದೇ ಇಲ್ಲ!"

"ತಪ್ಪು ಅಂತ ನಿಂಗೆ ಅನ್ನಿಸಬೇಕು, ಅಷ್ಟು ಮೊದಲು."

ನಾನು ನಂಬಲಿಲ್ಲ. ಹುಡುಗಿಯನ್ನು ಆಡಿಸುತ್ತಿದ್ದಾನೆ ಎಂದುಕೊಂಡೆ. ಸದ್ದೇ ಬಾರದ ಗಂಟೆ ತಡವಾಗಿ ನುಡಿಯುತ್ತದೆಂದು ಯಾರಿಗೆ ಗೊತ್ತಾಗುತ್ತದೆ? ಫೆಬ್ರವರಿಯಲ್ಲಿ ಅವನಿಗೆ ಕರೆ ಬಂತು. ಹೊರಡುವ ದಿನ ಕಂದು ಕೋಟನ್ನು ಗಂಟೆಯ ಕೋಣೆಯ ಮೊಳೆಗೆ ತಗುಲಿಹಾಕಿ, "ಇದು ನನ್ನ ಜಾಗ ಕಾಯತ್ತೆ, ನೀನು ಗಂಟೆ ಕಾಯಿ" ಎಂದ. ರೈಲು ಹತ್ತೂವರೆಗೆ. ಎಂಟಕ್ಕೇ ನಿಲ್ದಾಣದಲ್ಲಿದ್ದ.

ಈಜಿಪ್ಟಿನ ಮರಳುಗಾಡಿನಿಂದ ಅವನ ತಾಯಿ ತಿರ್ಜಾಗೆ ಕಾಗದಗಳು ಬರುತ್ತಿದ್ದವು. ನಾನು ಹಾಲು ಕೊಡಲು ಹೋದಾಗ ಅವಳು ಓದಿ ಹೇಳುತ್ತಿದ್ದಳು. ನೊಣ, ಬಿಸಿಲು, ಡಬ್ಬಿಯ ಮಾಂಸ. ಪ್ರತಿ ಕಾಗದದ ಕೊನೆಗೂ "ಐದನೆಯದು ಹೇಗಿದೆ, ಲೆಟಿ ಈಗಲಾದರೂ ಮೊದಲು ಎಳೆಯುತ್ತಾಳೋ?" ಎಂಬ ವಿಚಾರಣೆ. ಒಂದರಲ್ಲಿ ಮಾತ್ರ ಹೀಗೆ ಬರೆದಿದ್ದ: "ಇಲ್ಲಿ ಬೀಳುವ ಗುಂಡಿಗಿಂತ ಮೊದಲು ಹೋಗಲು ಯಾರಿಂದಲೂ ಆಗುವುದಿಲ್ಲಮ್ಮ." ಅದನ್ನು ತಿರ್ಜಾ ಎರಡನೆಯ ಸಲ ಓದಲಿಲ್ಲ.

ನಲವತ್ತೆರಡರ ನವೆಂಬರಿನಲ್ಲಿ ಮರಳುಗಾಡಿನ ಗೆಲುವಿನ ಸುದ್ದಿ ಬಂತು. ಬರುವ ಭಾನುವಾರ ದೇಶದ ಗಂಟೆಗಳನ್ನೆಲ್ಲ ಬಾರಿಸಬೇಕೆಂದು ಹೊಸ ಅಪ್ಪಣೆಯಾಯಿತು. ಆ ಗುರುವಾರವೇ ಎಂಡಕಾಟರ ಮನೆಗೆ ತಂತಿ ಬಂತು. ಅದೇ ಕಾಳಗದಲ್ಲಿ ರೂಬನ್ ಸತ್ತಿದ್ದ. ಅವನಿಗೆ ಇಪ್ಪತ್ತೊಂದು ವರ್ಷ, ಏಳು ತಿಂಗಳು.

ಶುಕ್ರವಾರ ಬೆಳಿಗ್ಗೆ ನಾನು ಹಾಲಿನ ಕ್ಯಾನು ಹಿಡಿದು ಅವರ ಅಡುಗೆಮನೆಯ ಬಾಗಿಲಲ್ಲಿ ನಿಂತಾಗ ಗಂಡ ಹೆಂಡತಿ ಮೇಜಿನ ಎರಡು ಕಡೆ ಕೂತಿದ್ದರು. ಚಹಾ ಆರಿಹೋಗಿತ್ತು.

"ಟೊಪ್ಪಿಗೆ ಕಟ್ಟಿ ಬಾರಿಸಿ" ಎಂದಳು ತಿರ್ಜಾ. "ಅವನೇ ಹೊಲಿದದ್ದು ಪೆಟ್ಟಿಗೇಲಿದೆ."

"ಆಗಲ್ಲ ಕಣೇ. ಗೆಲುವಿನ ಗಂಟೆ ಅದು. ಆರೂ ತೆರೆದೇ ಇರಬೇಕು."

"ಏಮಸ್‌ನ ಸುಮ್ಮನೆ ಕಳಿಸಿದ್ದಕ್ಕೆ ಅವನು ವಾರ ಪೂರ್ತಿ ಊಟ ಬಿಟ್ಟಿದ್ದ. ಈಗ ಅವನನ್ನೇ ಹಾಗೆ ಕಳಿಸ್ತೀಯಾ?"

"ಊರಲ್ಲಿ ಇನ್ನೂ ಒಂಬತ್ತು ಮನೆ ಹುಡುಗ್ರು ಅಲ್ಲೇ ಇದಾರೆ ತಿರ್ಜಾ. ಎರಡು ವರ್ಷದ ಮೇಲೆ ಕೇಳೋ ಮೊದಲ ಗಂಟೆ ಸಾವಿನ ಗಂಟೆಯಾದ್ರೆ ಒಂಬತ್ತು ತಾಯಂದಿರ ಎದೆ ನಿಂತುಹೋಗತ್ತೆ."

"ಹತ್ತನೆಯವಳದು?"

ಸೈಲಸ್ ಮೇಜು ಬಿಟ್ಟು ಎದ್ದ. ನನ್ನ ಕಡೆ ತಿರುಗಿ, "ಭಾನುವಾರ ಎಂಟೂವರೆಗೆ ಬಾ. ಐದನೇದು ನಿಂದು" ಎಂದಷ್ಟೇ ಹೇಳಿ ಕೊಟ್ಟಿಗೆಗೆ ಹೋದ. ತಿರ್ಜಾ ಕ್ಯಾನನ್ನು ನನ್ನ ಕೈಯಿಂದ ತೆಗೆದುಕೊಂಡವಳು ಅದನ್ನು ಎಲ್ಲಿಡಬೇಕೆಂದು ಮರೆತು ಹಿಡಿದೇ ನಿಂತಿದ್ದಳು.

ಭಾನುವಾರ ಬಿಸಿಲಿತ್ತು. ಕಟ್ಟಿದ ನಾಲಗೆಗಳನ್ನು ಬಿಚ್ಚಲು ಸೈಲಸ್ ಒಬ್ಬನೇ ಏಣಿ ಹತ್ತಿದ, ಸಹಾಯಕ್ಕೆ ಹೊರಟವರನ್ನು ತಡೆದ. ಕಾಲು ಗಂಟೆಯ ಕೆಲಸಕ್ಕೆ ಅರ್ಧ ಗಂಟೆ ಹಿಡಿಯಿತು. ಕೆಳಗಿಳಿದು ಕೈ ಒರೆಸಿಕೊಂಡ. ಗೋಡೆಯ ಮೇಲೆ ಮಾಸಿಹೋಗಿದ್ದ ಸುತ್ತನ್ನಾಗಲಿ, ಮೊಳೆಯಲ್ಲಿದ್ದ ಕೋಟನ್ನಾಗಲಿ ನೋಡದೆ ಆರನೆಯ ಹಗ್ಗ ಹಿಡಿದು, "ಹೂಂ, ಶುರು" ಎಂದ.

ಒಂದು, ಎರಡು, ಮೂರು, ನಾಲ್ಕು. ನಾಲ್ಕನೆಯ ಹಗ್ಗ ಇಳಿದದ್ದನ್ನು ನೋಡಿ ನಾನು ಎಳೆದೆ. ಎರಡು ವರ್ಷ ನನ್ನ ಕೈಯಲ್ಲಿ ಉರುಳಿದ ಗಂಟೆ ನನ್ನ ಎಳೆತಕ್ಕೆ ನುಡಿದದ್ದನ್ನು ನಾನು ಕೇಳಿದ್ದು ಆಗಲೇ ಮೊದಲು. ಕೇಳಿದ್ದು ತಡವಾಗಿ, ಆರನೆಯದರ ಬೆನ್ನ ಮೇಲೆ ಬಿದ್ದು, ಎರಡೂ ಕಲಸಿಹೋಗಿ. "ಐದು!" ಎಂದು ಸೈಲಸ್ ಗದರಿದ. ಅಷ್ಟರಲ್ಲಿ ಮರು ಎಳೆತ ಬಂದಿತ್ತು. ನಾಲ್ಕು ಗಂಟೆಗಳು ತೆರೆದ ಬಾಯಲ್ಲಿ ನುಡಿದವು. ನನ್ನದು ನುಡಿಯಲಿಲ್ಲ, ಗುಡ್ಡದ ಆಚೆಯಿಂದ ಉತ್ತರ ಕೊಟ್ಟಿತು.

ನಾನು ಸೈಲಸ್‌ನ ಮುಖ ನೋಡಿದೆ. ಅವನು ತನ್ನ ಹಗ್ಗವನ್ನೇ ನೋಡುತ್ತಿದ್ದ.

ಮುಂದಿನ ಸರದಿಗೆ ನಾನು ನಾಲ್ಕನೆಯದರ ದಾರಿ ಕಾಯಲಿಲ್ಲ. ತಪ್ಪು ಎಂದು ಅನ್ನಿಸುವಷ್ಟು ಮೊದಲು ಎಳೆದೆ. ಏಟು ತನ್ನ ಜಾಗದಲ್ಲಿ ಬಂದು ಕೂತಿತು. ಅಲ್ಲಿಂದಾಚೆ ಮುಕ್ಕಾಲು ಗಂಟೆ ಹೊತ್ತು, ಒಂದು ಸುತ್ತಿನಲ್ಲಿ ಆರೂ ಗಂಟೆಗಳು ಗೆಲುವನ್ನು ಸಾರಿದವು, ಮರು ಸುತ್ತಿನಲ್ಲಿ ಐದು ಗಂಟೆಗಳು ಸಾರಿದವು, ಒಂದು ರೂಬನ್‌ನ ಹೆಸರು ಹಿಡಿದು ಕರೆಯಿತು.

ಕೆಳಗೆ ಬಂದಾಗ ಪಾದ್ರಿಗಳು ಬಾಗಿಲಲ್ಲಿದ್ದರು. ಅವರು ಪಟ್ಟಣದಿಂದ ಬಂದವರು, ಊರಿಗೆ ಹೊಸಬರು. "ಬಹಳ ಚೆನ್ನಾಗಿತ್ತು ಎಂಡಕಾಟ್. ಆದ್ರೆ ಒಂದರಲ್ಲಿ ಏನೋ ಸಿಕ್ಕಿಹಾಕಿಕೊಂಡ ಹಾಗಿತ್ತಲ್ಲ?"

"ಐದನೇದರ ಕಟ್ಟು ಬಿಚ್ಚೋದು ಮರೆತೆ ಸ್ವಾಮಿ. ವಯಸ್ಸಾಯ್ತು."

ನಲವತ್ತು ವರ್ಷದಲ್ಲಿ ಸೈಲಸ್ ಗೋಪುರದ ಯಾವುದನ್ನೂ ಮರೆತವನಲ್ಲ. ಕಟ್ಟು ಬಿಚ್ಚದಿದ್ದರೆ ಗಂಟೆ ಎರಡೂ ಏಟಿಗೆ ಮೂಕವಾಗಿರುತ್ತಿತ್ತು, ಹೀಗೆ ಏಟು ಬಿಟ್ಟು ಏಟು ಮಂದವಾಗುವುದು ಒಂದು ಬದಿಗೆ ಟೊಪ್ಪಿಗೆ ಕಟ್ಟಿದಾಗ ಮಾತ್ರ. ಇದು ಪಾದ್ರಿಗಳಿಗೆ ಗೊತ್ತಿರಲಿಲ್ಲ, ಅಂಗಳದಲ್ಲಿ ನಿಂತಿದ್ದ ಉಳಿದವರಿಗೆಲ್ಲ ಗೊತ್ತಿತ್ತು. ಆ ಒಂಬತ್ತು ತಾಯಂದಿರಿಗೂ ಗೊತ್ತಿತ್ತು. ಯಾರ ಎದೆಯೂ ನಿಲ್ಲಲಿಲ್ಲ. ಅವರು ಒಬ್ಬೊಬ್ಬರಾಗಿ ತಿರ್ಜಾಳ ಪಕ್ಕಕ್ಕೆ ಸರಿದು ನಿಂತಿದ್ದರು. ಗಂಡಸರು ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದಿದ್ದರು.

ತಿರ್ಜಾ ನನ್ನ ತೋಳು ಹಿಡಿದಳು. "ಮೊದಲನೇ ಏಟು ತಡವಾಯ್ತು ಕಣೇ."

"ಹೌದಮ್ಮ. ಅವನು ಹೇಳಿದ್ದ, ನಾನು ನಂಬಿರಲಿಲ್ಲ."

"ಆಮೇಲೆಲ್ಲ ಅವನ ಹಾಗೇ ಬಂತು" ಎಂದಳು. ನನ್ನ ತೋಳು ಬಿಡದೆ, "ಮನೆಗೆ ಬಾ, ಚಹಾ ಕಾಸ್ತೀನಿ. ಅವನಿದ್ದಿದ್ರೆ ಅವನೂ ಬಾ ಅಂತಿದ್ದ" ಎಂದಳು.

ನಲವತ್ತೊಂದು ವರ್ಷ ನಾನು ಐದನೆಯದನ್ನು ಬಾರಿಸಿದೆ. ಮೂರನೆಯ ಗಂಟೆಯ ಜೆಸ್ಸಿ ಟೋಜರ್ ಯುದ್ಧದಿಂದ ಹಿಂತಿರುಗಿ ನನ್ನನ್ನು ಮದುವೆಯಾದ. ಅವನು ತೀರಿಕೊಂಡಾಗ ರೂಬನ್ ಹೊಲಿದ ಆರೂ ಟೊಪ್ಪಿಗೆ ಕಟ್ಟಿ ಬಾರಿಸಿದೆವು. ಒಂದು ಹೊಲಿಗೆಯೂ ಬಿಚ್ಚಿರಲಿಲ್ಲ. ಕಂದು ಕೋಟು ನುಸಿ ತಿಂದು ಮೊಳೆಯಲ್ಲಿ ಬರೀ ಕೊರಳಪಟ್ಟಿ ಉಳಿದಿದೆ, ಸೂಜಿ ಅದರಲ್ಲೇ ತುಕ್ಕು ಹಿಡಿದಿದೆ. ನನ್ನಿಂದ ಆ ಗಂಟೆ ಕಲಿತವರು ಹನ್ನೊಂದು ಜನ. ಮೊದಲ ದಿನ ಪ್ರತಿಯೊಬ್ಬರೂ ನನ್ನ ಮುಖವನ್ನು, ಮುದುಕಿ ಆಡಿಸುತ್ತಿದ್ದಾಳೆ ಎಂಬಂತೆ ನೋಡಿದ್ದಾರೆ.

ರೂಬನ್‌ನಂಥವರು ಊರಿಗೊಬ್ಬರೋ ಇಬ್ಬರೋ ಇರುತ್ತಾರೆ. ಸದ್ದು ಎಲ್ಲಿಗೆ ಬಂದು ತಲುಪಬೇಕೆಂದು ಗೊತ್ತಿದ್ದು ಮೊದಲೇ ಕೈ ಎತ್ತುವವರು. ನೋಡುವವರಿಗೆ ಅದು ಅವಸರದಂತೆ, ಹುಡುಗಾಟದಂತೆ ಕಾಣುತ್ತದೆ. ಅವರು ಸರಿಯಾಗಿದ್ದರೆಂದು ನಮಗೆ ತಿಳಿಯುವುದು ಗಂಟೆ ನುಡಿದ ಮೇಲೆ. ಆಗ ತಿರುಗಿ ನೋಡಿ ಹೇಳೋಣವೆಂದರೆ ಅವರು ಅಲ್ಲಿರುವುದಿಲ್ಲ. ಅದಕ್ಕೇ ನಾವು ಅವರ ಹಗ್ಗ ಹಿಡಿದು, ಅವರು ಹೇಳಿದಷ್ಟು ಮೊದಲು, ಎಳೆಯುತ್ತೇವೆ.