ಅಣ್ಣನ ಕೆಂಪು ಗೆರೆ

ನಮ್ಮ ಪಂಪ್‌ಹೌಸಿನ ದೊಡ್ಡ ವಾಲ್ವಿಗೆ, ಚಕ್ರ ತಿರುಗಿಸಿದಂತೆ ಮೇಲೇಳುವ ಒಂದು ಕಂಬಿಯಿದೆ. ಅದರ ಮೇಲೊಂದು ಕೆಂಪು ಗೆರೆ. ಎಳೆದವನು ನನ್ನ ಅಣ್ಣ. ಹದಿನೆಂಟು ವರ್ಷ ನಾವಿಬ್ಬರೂ ಆ ಗೆರೆ ಕಂಡೊಡನೆ ಕೈ ನಿಲ್ಲಿಸಿ, ವಾಲ್ವು ಅರ್ಧವೇ ತೆರೆದಿಟ್ಟು, ಊರಿನ ಟ್ಯಾಂಕಿಗೆ ನೀರೆತ್ತಿದೆವು. ಹೋದ ವರ್ಷ ಅಣ್ಣ ದೇವರ ಪಾದ ಸೇರಿದ. ಅಂದಿನಿಂದ ಚಕ್ರ ಮುಟ್ಟುವ ಮೊದಲು ದೇವರನ್ನೂ ಅವನನ್ನೂ ನೆನೆಯುತ್ತೇನೆ. ಯಾರು ಮೊದಲು ಬರುತ್ತಾರೆಂಬುದು ಆಯಾ ದಿನಕ್ಕೆ ಬಿಟ್ಟದ್ದು.

ಐದರಲ್ಲೊಂದು ಪಾಲು ಕರೆಂಟು ಉಳಿಸಬೇಕೆಂದು ಇಲಾಖೆಯ ಹುಕುಂ ಬಂತು. ನಮ್ಮ ಪಂಪು ಓಡಿದಷ್ಟು ಹೊತ್ತೂ ಎಲ್ಲೋ ಕಲ್ಲಿದ್ದಲು ಉರಿದು ಆಕಾಶಕ್ಕೆ ಹೊಗೆ ಏರುತ್ತದಂತೆ. ಹುಕುಮಿನ ಹಿಂದೆಯೇ ಇಂಜಿನಿಯರಮ್ಮ ಬಂದರು. ಅಷ್ಟರಲ್ಲಿ ನಾನು ವರಾಂಡದ ಬಲ್ಬು ಬಿಚ್ಚಿ, ಫ್ಯಾನು ಆರಿಸಿ, ಬೆವರುತ್ತ ಕೂತಿದ್ದೆ. ನೋಡಿ ಅವರು ನಗಲಿಲ್ಲ, ಅದು ಅವರ ದೊಡ್ಡತನ. ಮೀಟರು ಹಚ್ಚಿ ನೋಡಿ ವಾಲ್ವಿನತ್ತ ಕೈ ತೋರಿಸಿದರು.

"ಯಜಮಾನ್ರೇ, ಒಂದು ಕಾಲು ಆಕ್ಸಿಲರೇಟರ್ ಮೇಲೆ, ಇನ್ನೊಂದು ಬ್ರೇಕ್ ಮೇಲೆ ಇಟ್ಟು ಬಸ್ಸು ಓಡಿಸ್ತಿದೀರಿ. ಪೂರ್ತಿ ತೆಗೀರಿ ಇದನ್ನ."

"ಅದು ನಮ್ಮಣ್ಣ ಇಟ್ಟ ಗುರುತು," ಎಂದೆ. ಜಪ್ಪಯ್ಯ ಅಂದರೂ ನಾನು ಒಪ್ಪಲಿಲ್ಲ. ಗೆರೆ ದಾಟಿದರೆ ಅವನನ್ನು ಇನ್ನೊಮ್ಮೆ ಕಳೆದುಕೊಂಡಂತೆ ಎಂದು ಅವರಿಗೆ ಹೇಗೆ ಹೇಳಲಿ?

ಸಂಜೆ ಅತ್ತಿಗೆಯ ಬಳಿ ದೂರು ಹೇಳಿದೆ. ಒಗೆದ ಬಟ್ಟೆ ಮಡಚುತ್ತಿದ್ದವರು ಕೇಳಿ ಕೇಳಿ, ಕೊನೆಗೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಣ್ಣ ಹೋದ ಮೇಲೆ ಅದೇ ಮೊದಲ ನಗು. ನಾನು ಕೆಲಸಕ್ಕೆ ಸೇರುವ ತುಸು ಮೊದಲು ದೊಡ್ಡ ಪೈಪು ಬಿರುಕು ಬಿಟ್ಟಿತ್ತಂತೆ. ಹೊಸದು ಬರುವ ತನಕ, ಒಂದು ವಾರದ ಮಟ್ಟಿಗೆ, ನೀರಿನ ಒತ್ತಡ ಕಡಿಮೆಯಿರಲೆಂದು ಅಣ್ಣ ಗೆರೆ ಎಳೆದನಂತೆ. ಪೈಪು ಬಂತು, ಗೆರೆ ಅಳಿಸುವುದು ಮರೆತೇ ಹೋಯಿತು. ನಾಲ್ಕು ವರ್ಷದ ಮೇಲೆ ನೆನಪಾದಾಗ, ನಾನು ಅಷ್ಟು ನಿಷ್ಠೆಯಿಂದ ಗೆರೆಗೆ ನಿಲ್ಲಿಸುವುದನ್ನು ಕಂಡು ಹೇಳಲು ಅವನಿಗೆ ನಾಚಿಕೆಯಾಯಿತಂತೆ.

"ನಾಳೆ ತೆಗೀತೀನಿ, ನಾಳೆ ತೆಗೀತೀನಿ ಅಂತಲೇ ಹೋದ್ರು ನೋಡಪ್ಪಾ. ನೀನು ಅದಕ್ಕೆ ದಿನಾ ಕೈ ಮುಗೀತಿದೀಯ. ಹೋಗಿ ಅವರ ಕೆಲಸ ಮುಗಿಸು."

ಮರುದಿನ ಬೆಳಿಗ್ಗೆ ಇಂಜಿನಿಯರಮ್ಮನ ಎದುರಿಗೆ ಗೆರೆ ದಾಟಿ ಹನ್ನೊಂದು ಸುತ್ತು ತಿರುಗಿಸಿದೆ. ಪಂಪಿನ ಹುಟ್ಟುಗುಣವೆಂದುಕೊಂಡಿದ್ದ ಬುಸುಗುಟ್ಟುವಿಕೆ ನಿಂತೇಹೋಯಿತು. ಸಂಜೆ ನಾಲ್ಕು ಗಂಟೆಗೆ ತುಂಬುತ್ತಿದ್ದ ಟ್ಯಾಂಕು ಮಧ್ಯಾಹ್ನ ಒಂದಕ್ಕೇ ತುಂಬಿತು. ಅವರು ಮೀಟರು ನೋಡಿ, ಕೇಳಿದ್ದಕ್ಕಿಂತ ಹೆಚ್ಚೇ ಉಳಿಯಿತೆಂದು ಹೇಳಿ, ಇನ್ನಾದರೂ ಫ್ಯಾನು ಹಾಕಿಕೊಳ್ಳಿ ಎಂದರು.

ಹೀಗೆ ಮೂರು ತಾಸು ಬಿಡುವು ಸಿಕ್ಕಿತು. ಫ್ಯಾನಿನ ಕೆಳಗೆ ಕೂತು ಅಣ್ಣನನ್ನು ಮನಸಾರೆ ಬೈದೆ. ಆಮೇಲೆ, ಅವನನ್ನು ಚೆನ್ನಾಗಿ ನೋಡಿಕೋ, ಸ್ವಲ್ಪ ಮರೆವು ಜಾಸ್ತಿ ಎಂದು ದೇವರಿಗೆ ಹೇಳಿದೆ.