ಕೆಂಪು ಮೇಜು, ನೀಲಿ ಗಡಿಯಾರ

ನಮ್ಮ ಭಾಷೆಯಲ್ಲಿ ಮೇಜನ್ನು ‘ಅದು’ ಎಂದರೆ ಸಾಕು. ಅಲ್ಲಿಗೆ ಕಥೆ ಮುಗಿಯಿತು. ಸ್ಪ್ಯಾನಿಷ್‌ನಲ್ಲಿ ಮೇಜು ಹೆಂಗಸು, ಅದರ ಮುಂದೆ ‘ಲಾ’ ಬರಬೇಕು. ಗಡಿಯಾರ ಗಂಡಸು, ಅದಕ್ಕೆ ‘ಎಲ್’. ಯಾಕೆ ಎಂದು ಕೇಳಿದರೆ ಸ್ಪ್ಯಾನಿಷ್ ಕಲಿಸುವ ಮೇಡಂ, “ಅದು ಹಾಗೇ ಕಣಮ್ಮ, ಬಾಯಿಪಾಠ ಮಾಡು” ಎನ್ನುತ್ತಾರೆ. ಈ ಪೀಡೆಯಿಂದಲೇ ಎರಡು ಸಲ ಪರೀಕ್ಷೆಯಲ್ಲಿ ಡುಮ್ಕಿ ಹೊಡೆದಿದ್ದೆ. ಮೂರನೆಯದೇ ಕೊನೆ. ಪಾಸಾದರೆ, ಸ್ಪ್ಯಾನಿಷ್ ಆಡುವ ದೇಶದಲ್ಲಿ ನನ್ನ ಗಂಡ ಅಡುಗೆ ಕೆಲಸದಲ್ಲಿರುವ ಊರಿನಲ್ಲೇ ನನಗೂ ನರ್ಸ್ ಕೆಲಸ. ಇಬ್ಬರೂ ಜೊತೆಯಲ್ಲಿ ಕೂತು ಉಂಡು ಎರಡು ವರ್ಷವಾಗಿತ್ತು.

ಅದಕ್ಕೇ ಮನೆಯ ಸಾಮಾನಿಗೆಲ್ಲ ಬಣ್ಣದ ಚೀಟಿ ಅಂಟಿಸಿದೆ: ‘ಲಾ’ಗೆ ಕೆಂಪು, ‘ಎಲ್’ಗೆ ನೀಲಿ. ಹಲ್ಲುಜ್ಜುವಾಗ, ತಲೆ ಬಾಚುವಾಗ, ಹತ್ತು ದಿನ ನೋಡಿ ನೋಡಿ ಉರು ಹೊಡೆದೆ.

ಮಾದರಿ ಪರೀಕ್ಷೆಯಲ್ಲಿ ನಲವತ್ತಕ್ಕೆ ಒಂಬತ್ತು ಬಂತು.

ಮನೆಗೆ ಬಂದು ಪುಸ್ತಕ ಹಿಡಿದು ತಾಳೆ ನೋಡಿದೆ. ಮೇಜಿನ ಮೇಲೆ ನೀಲಿ ಚೀಟಿ, ಗಡಿಯಾರಕ್ಕೆ ಕೆಂಪು.

“ಅಪ್ಪಾ, ಈ ಚೀಟಿ ಮುಟ್ಟಿದ್ಯಾ?”

ಅಪ್ಪ ನಲವತ್ತು ವರ್ಷ ಊರವರ ಮನೆಗೆ ಬಣ್ಣ ಹೊಡೆದವನು.

“ನೀನು ಅಂಟಿಸಿದ ಮಾರನೇ ದಿನವೇ ಧೂಳು ಒರೆಸೋಕೆ ಕಿತ್ತಿದ್ದೆ. ಹಸಿರು ಮೇಜಿಗೆ ಯಾರಾದ್ರೂ ಕೆಂಪು ಹಾಕ್ತಾರಾ? ಹೊಂದೋ ಹಾಗೆ ಅಂಟಿಸ್ದೆ,” ಎಂದು, ಭೇಷ್ ಎನ್ನುತ್ತೇನೆಂದು ಕಾದವನಂತೆ ನಕ್ಕ.

ನನಗೆ ಮೈಯೆಲ್ಲ ಉರಿದುಹೋಯಿತು. “ಹತ್ತು ದಿನ ತಪ್ಪನ್ನೇ ಬಾಯಿಪಾಠ ಮಾಡಿದೀನಿ! ಇನ್ನು ಐದೇ ದಿನ ಇರೋದು. ನನ್ನ ಸಂಸಾರಕ್ಕಿಂತ ನಿಂಗೆ ಮ್ಯಾಚಿಂಗ್ ಹೆಚ್ಚಾಯ್ತಾ?”

ಚೀಟಿಗಳನ್ನೆಲ್ಲ ಕಿತ್ತೆಸೆದು, ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ. ಅಪ್ಪನ ಮೇಲೆ ಕೂಗಾಡಿದ್ದಕ್ಕೆ ನಾಚಿಕೆಯಾಯಿತು, ಸಿಟ್ಟು ಮಾತ್ರ ಇಳಿಯಲಿಲ್ಲ.

ಮರುದಿನ ಡ್ಯೂಟಿ ಮುಗಿಸಿ ಬಂದರೆ ಮನೆ ತುಂಬ ಪೇಂಟಿನ ವಾಸನೆ. ಮೇಜು ಕೆಂಪು, ಕುರ್ಚಿ ಕೆಂಪು, ಕಿಟಕಿ, ಬಾಗಿಲು ಎಲ್ಲ ಕೆಂಪು. ಗಡಿಯಾರದ ಚೌಕಟ್ಟು, ಕನ್ನಡಿಯ ಅಂಚು, ಬೀರು ನೀಲಿ. ಅಪ್ಪ ಮೇಡಂಗೆ ಫೋನ್ ಮಾಡಿ ಒಂದೊಂದನ್ನೂ ಕೇಳಿ ಕೇಳಿ ಬಳಿದಿದ್ದಾನೆ. ಗಿರಾಕಿ ಹೊಂದದ ಬಣ್ಣ ಹೇಳಿದರೆ ಕೆಲಸವನ್ನೇ ಬಿಟ್ಟು ಬರುತ್ತಿದ್ದ ಮನುಷ್ಯ!

“ಇನ್ಮೇಲೆ ಯಾರೂ ಕಿತ್ತು ಅಂಟಿಸೋಕಾಗಲ್ಲ,” ಎಂದು ಬ್ರಷ್ ತೊಳೆಯುತ್ತ ಗೊಣಗಿದ. ಒಂದು ಸಲವೂ ತಲೆಯೆತ್ತಿ ಮನೆಯನ್ನು ನೋಡಲಿಲ್ಲ. “ಕಣ್ಣು ಉರಿಯುತ್ತೆ ಕಣೇ. ಈ ಸಲ ಪಾಸಾಗು. ನೀನು ಗಂಡನ ಹತ್ರ ಹೊರಟ ದಿನವೇ ಎಲ್ಲಾ ಮತ್ತೆ ಬಳೀತೀನಿ.”

ಕುರ್ಚಿ ಇನ್ನೂ ಒಣಗಿರಲಿಲ್ಲ. ಅಪ್ಪನ ಪಕ್ಕ ನೆಲದ ಮೇಲೆ ಕೂತು ಮೊದಲಿನಿಂದ ಓದತೊಡಗಿದೆ.